ಬೆಟ್ಟ ಬರೆದವರು ಬೆಟ್ಟದಲ್ಲಿರಲಿಲ್ಲ

ಒಂದು ವಾಕ್ಯದ ಮೇಲೆ ನನಗೆ ಬಹಳ ದಿನಗಳಿಂದ ತಕರಾರಿದೆ. ಪಶ್ಚಿಮದವರು ಪ್ರಕೃತಿಯನ್ನು ಗೆಲ್ಲಲು ಹೊರಟರು, ಪೂರ್ವದವರು, ಅದರಲ್ಲೂ ಚೀನಾದ ಕವಿಗಳು ಮತ್ತು ಚಿತ್ರಕಾರರು, ಪ್ರಕೃತಿಯೊಡನೆ ಒಂದಾಗಿ ಬಾಳಿದರು ಎಂಬುದು ಆ ವಾಕ್ಯ. ನಮ್ಮ ವಿಚಾರ ಸಂಕಿರಣಗಳಲ್ಲಿ, ಅನುವಾದಗಳ ಮುನ್ನುಡಿಗಳಲ್ಲಿ, ಈಚೆಗೆ ಪರಿಸರ ವಿಮರ್ಶೆಯ ಪ್ರಬಂಧಗಳಲ್ಲಿ ಅದು ಬೇರೆ ಬೇರೆ ವೇಷ ಹಾಕಿಕೊಂಡು ಬಂದು ಹೋಗುತ್ತಿರುತ್ತದೆ. ಪುರಾವೆಗೆಂದು ಜೊತೆಯಲ್ಲಿ ಒಂದು ಚಿತ್ರ: ಮಂಜಿನಲ್ಲಿ ತೇಲುವ ಬೆಟ್ಟ, ಒಂದೆರಡು ಪೈನ್ ಮರ, ಹುಲ್ಲು ಮಾಡಿನ ಗುಡಿಸಲು, ಅದರೊಳಗೆ ಕಡ್ಡಿಯಷ್ಟು ಸಣ್ಣ ಮನುಷ್ಯ. ನೋಡಿ, ಮನುಷ್ಯ ಇಲ್ಲಿ ಎಷ್ಟು ಸಣ್ಣವನು, ಪ್ರಕೃತಿ ಎಷ್ಟು ದೊಡ್ಡದು ಎನ್ನುತ್ತಾರೆ. ಸಭೆ ತಲೆದೂಗುತ್ತದೆ.

ಆ ಕಡ್ಡಿಯಷ್ಟು ಮನುಷ್ಯ ಯಾರು, ಚಿತ್ರ ಯಾರ ಗೋಡೆಯ ಮೇಲೆ ತೂಗುತ್ತಿತ್ತು, ಅದನ್ನು ನೋಡುತ್ತಿದ್ದವನು ಬೆಳಗೆದ್ದು ಎಲ್ಲಿಗೆ ಹೋಗುತ್ತಿದ್ದ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಸಿಗುವ ಉತ್ತರ ಅಷ್ಟೇನೂ ಕಾವ್ಯಮಯವಲ್ಲ: ಕಚೇರಿಗೆ. ಚೀನೀಯರು ಶಾನ್‌ಶುಯಿ, ಅಂದರೆ ಬೆಟ್ಟ-ನೀರು, ಎಂದು ಕರೆಯುವ ಈ ಚಿತ್ರಪರಂಪರೆಯನ್ನು ಬಹುಮಟ್ಟಿಗೆ ಬೆಳೆಸಿದವರು ಬೆಟ್ಟಕ್ಕೆ ಹೋಗಲಾಗದ ಅಧಿಕಾರಿಗಳು, ಇಲ್ಲವೇ ಬೇರೆ ದಾರಿಯಿಲ್ಲದೆ ಬೆಟ್ಟಕ್ಕೆ ಓಡಿಹೋದವರು. ನೆಮ್ಮದಿಯಾಗಿ ಬೆಟ್ಟದ ಜೊತೆ ಬಾಳಿದವರು ಅವರಲ್ಲಿ ಬಹಳ ಕಡಿಮೆ. ನಾವು ಮಾತ್ರ ಅವರ ಹಂಬಲವನ್ನು ಅವರ ಬದುಕೆಂದು ಓದಿಕೊಂಡು, ಮೇಲೆ ಅದಕ್ಕೊಂದು ಪ್ರಶಸ್ತಿಪತ್ರವನ್ನೂ ಕೊಟ್ಟಿದ್ದೇವೆ.

ಇದು ನಾನು ಅಗೆದು ತೆಗೆದ ಗುಟ್ಟೇನೂ ಅಲ್ಲ. ಈ ಪರಂಪರೆಯ ಅತಿ ದೊಡ್ಡ ಹೆಸರುಗಳಲ್ಲೊಂದಾದ ಗುವೊ ಶಿ ತಾನೇ ಬಾಯಿಬಿಟ್ಟು ಹೇಳಿದ್ದಾನೆ. ಅವನು 11ನೇ ಶತಮಾನದ ಸೊಂಗ್ ಅರಮನೆಯ ಚಿತ್ರಕಾರ. ಅವನ ಮಾತುಗಳನ್ನು ಮಗ ಗುವೊ ಸಿ ಒಟ್ಟುಮಾಡಿದ 'ಲಿನ್‌ಚ್ಯುವಾನ್ ಗಾವೊಜಿ' ಎಂಬ ಪುಸ್ತಕ ಶುರುವಾಗುವುದೇ ಒಂದು ನೇರ ಪ್ರಶ್ನೆಯಿಂದ: ಸಜ್ಜನನಿಗೆ ಬೆಟ್ಟ-ನೀರು ಯಾಕಿಷ್ಟು ಇಷ್ಟ? ಅವನು ಕೊಡುವ ಉತ್ತರದ ಸಾರಾಂಶ ಹೀಗಿದೆ. ಊರಿನ ಗದ್ದಲ, ಕೆಲಸದ ಸಂಕೋಲೆ ಯಾರಿಗೂ ಬೇಡ. ಕಾಡು, ತೊರೆ, ಮಂಜು ಎಲ್ಲರಿಗೂ ಬೇಕು. ಆದರೆ ದೇಶ ಶಾಂತವಾಗಿರುವಾಗ, ದೊರೆಯ ಮತ್ತು ತಂದೆತಾಯಿಯರ ಋಣ ತಲೆಯ ಮೇಲಿರುವಾಗ, ಎಲ್ಲ ಬಿಟ್ಟು ಬೆಟ್ಟಕ್ಕೆ ಹೋಗಿಬಿಡುವುದು ಸರಿಯಲ್ಲ. ಹಾಗಾದರೆ ಮನಸ್ಸಿನ ಆಸೆಗೆ ಏನು ಮಾಡುವುದು? ಒಳ್ಳೆಯ ಕೈಯವನಿಂದ ಚಿತ್ರ ಬರೆಸಿಕೊಳ್ಳುವುದು. ಕೂತಲ್ಲಿಂದ ಏಳದೆ ಕಣಿವೆ ತೊರೆಗಳಲ್ಲಿ ಓಡಾಡಿ ಬರಬಹುದು.

ಚಿತ್ರ ಇರುವುದೇ ಹೋಗಲಾರದವನಿಗಾಗಿ ಎಂದು ಬರೆದವನೇ ಹೇಳುತ್ತಿದ್ದಾನೆ. ನಾವು ಒಂಬೈನೂರು ವರ್ಷಗಳ ಮೇಲೆ ಅದೇ ಚಿತ್ರ ತೋರಿಸಿ, ನೋಡಿ ಇವರು ಹೇಗೆ ಹೋಗಿ ಬಾಳುತ್ತಿದ್ದರು ಎನ್ನುತ್ತಿದ್ದೇವೆ.

ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ, ಪರಿಸರ ಪ್ರಬಂಧಗಳಲ್ಲಿ ಅದು ನನ್ನ ಕಣ್ಣಿಗೆ ಬಿದ್ದೇ ಇಲ್ಲ. ಚಿತ್ರದ ನಡುವಿನ ದೊಡ್ಡ ಬೆಟ್ಟ ಸುತ್ತಲ ಬೆಟ್ಟಗಳಿಗೆಲ್ಲ ಒಡೆಯ. ಸಿಂಹಾಸನದ ಮೇಲೆ ಕೂತ ಚಕ್ರವರ್ತಿಯ ಮುಂದೆ ಸಾಮಂತರು ಓಡೋಡಿ ಬಂದು ಸೇರುವ ಹಾಗೆ ಉಳಿದ ಬೆಟ್ಟಗಳು ಅದರ ಸುತ್ತ ನಿಲ್ಲಬೇಕು ಎನ್ನುತ್ತಾನೆ ಗುವೊ ಶಿ. ಮರಗಳಲ್ಲಿ ಎತ್ತರದ ಪೈನ್‌ಗೂ ಅಂಥದೇ ಪದವಿ. ಅಂದರೆ ನಾವು 'ಪ್ರಕೃತಿಯ ಮುಂದೆ ಮನುಷ್ಯ ಸಣ್ಣವನು' ಎಂದು ಓದುತ್ತಿರುವ ಚಿತ್ರ, ಅದರ ಮೊದಲ ನೋಡುಗರಿಗೆ 'ದೊರೆಯ ಮುಂದೆ ನೀನು ಸಣ್ಣವನು' ಎಂದೂ ಓದಿಸಿಕೊಳ್ಳುತ್ತಿತ್ತು.

ಅವನ 'ವಸಂತಾರಂಭ' ಈಗ ತೈಪೆಯ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ. ರೇಷ್ಮೆಯ ಮೇಲೆ ಬರೆದದ್ದು, ಸುಮಾರು 158 ಸೆಂಟಿಮೀಟರ್ ಎತ್ತರ, ಬರೆದ ವರ್ಷ 1072 ಎಂದು ಅದರಲ್ಲೇ ಇದೆ. ಹಿಮ ಕರಗುತ್ತಿರುವ ಬೆಟ್ಟ ಉಸಿರಾಡುತ್ತಿರುವ ಹಾಗೆ ಕಾಣುವ, ಬೆರಗು ಹುಟ್ಟಿಸುವ ಚಿತ್ರ. ಆಗ ದೊರೆ ಶೆನ್‌ಜೊಂಗ್. ಮಂತ್ರಿ ವಾಂಗ್ ಆನ್‌ಶಿ 1069ರಿಂದ ತನ್ನ 'ಹೊಸ ನೀತಿ'ಗಳನ್ನು ತಂದು ತೆರಿಗೆ, ಬೀಜದ ಸಾಲ, ಬಿಟ್ಟಿ ಚಾಕರಿ ಎಲ್ಲವನ್ನೂ ತಿರುಗುಮುರುಗು ಮಾಡುತ್ತಿದ್ದ ಕಾಲ. ಆ ಗೋಡೆಗಳ ಮೇಲೆ ವಸಂತ ಬರುತ್ತಿರುವುದಕ್ಕೂ ಹೊಸ ಆಡಳಿತಕ್ಕೂ ಸಂಬಂಧ ಕಾಣುವ ಕಲಾ ಇತಿಹಾಸಕಾರರಿದ್ದಾರೆ.

ಎರಡು ವರ್ಷ ಕಳೆಯಿತು. 1074ರಲ್ಲಿ ಬರಗಾಲ. ರಾಜಧಾನಿ ಕೈಫೆಂಗ್‌ನ ಹೆಬ್ಬಾಗಿಲೊಂದರ ಉಸ್ತುವಾರಿಯಲ್ಲಿದ್ದ ಜೆಂಗ್ ಶಿಯಾ ಎಂಬ ಸಣ್ಣ ಅಧಿಕಾರಿ, ಊರು ಬಿಟ್ಟು ಬರುತ್ತಿದ್ದ ಹಸಿದ ಜನರನ್ನು ದಿನಾ ನೋಡುತ್ತಿದ್ದವನು, ಅವರ ಚಿತ್ರ ಬರೆಸಿ ದೊರೆಗೆ ತಲುಪಿಸಿದ. ದೊರೆಗೆ ಆ ರಾತ್ರಿ ನಿದ್ದೆ ಬರಲಿಲ್ಲವಂತೆ. ಕೆಲವು ನೀತಿಗಳಿಗೆ ತಡೆ ಬಿತ್ತು, ವಾಂಗ್ ಆನ್‌ಶಿ ಕುರ್ಚಿ ಬಿಡಬೇಕಾಯಿತು, ಸ್ವಲ್ಪ ಕಾಲ. ಚಿತ್ರ ತಂದ ಜೆಂಗ್ ಶಿಯಾನಿಗೆ ಕೊನೆಗೆ ಗಡೀಪಾರು. ಆ ಚಿತ್ರ ಇವತ್ತು ಇಲ್ಲ. ಕಳೆದುಹೋಗಿದೆ. ಒಂದೇ ಅರಮನೆ, ಒಂದೇ ದೊರೆ, ಎರಡು ವರ್ಷದ ಅಂತರದಲ್ಲಿ ಎರಡು ಚಿತ್ರ. ಮಂಜಿನ ಬೆಟ್ಟ ಉಳಿಯಿತು, ನೆಲದಲ್ಲಿ ಬೆಳೆ ಒಣಗಿ ನಡೆದು ಬಂದವರು ಉಳಿಯಲಿಲ್ಲ. 'ಚೀನಾದ ಕಲೆ ಪ್ರಕೃತಿಯನ್ನು ಹೇಗೆ ಕಂಡಿತು' ಎಂಬ ಪ್ರಬಂಧ ಬರೆಯುವವರು ಎರಡನೆಯ ಚಿತ್ರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಕೇಳುವುದು ಅತಿಯಾಸೆಯೇ? ಬರಗಾಲವೂ ಪ್ರಕೃತಿಯೇ ಅಲ್ಲವೇ?

(ಗುವೊ ಶಿಯ ಚಿತ್ರಗಳಿಗೂ ಅಂಥ ಭಾಗ್ಯವೇನೂ ಕಾದಿರಲಿಲ್ಲ. ದೊರೆ ಬದಲಾದ ಮೇಲೆ ಅವನ್ನು ಗೋಡೆಯಿಂದ ಇಳಿಸಿದರು. ಅರಮನೆಯ ಕೆಲಸಗಾರರು ಒಂದು ರೇಷ್ಮೆ ಬಟ್ಟೆಯಿಂದ ಮೇಜು ಒರೆಸುತ್ತಿದ್ದರೆಂದೂ ನೋಡಿದರೆ ಅದು ಗುವೊ ಶಿ ಬರೆದ ಬೆಟ್ಟವೆಂದೂ ದೆಂಗ್ ಚುನ್ ಮುಂದಿನ ಶತಮಾನದಲ್ಲಿ ದಾಖಲಿಸಿದ್ದಾನೆ.)

ಅದು ಅರಮನೆಯ ಮಾತಾಯಿತು, ನಿಜವಾದ ಆದರ್ಶ ಇರುವುದು ಅಧಿಕಾರ ಬಿಟ್ಟು ಹೋದ ವಿದ್ವಾಂಸರಲ್ಲಿ ಎಂದು ಯಾರಾದರೂ ಹೇಳಬಹುದು. ಸರಿ, ಅಲ್ಲಿಗೇ ಹೋಗೋಣ. ಬೆಟ್ಟ-ನೀರಿನ ಕಾವ್ಯಕ್ಕೆ ತಂದೆ ಎಂದು ಎಲ್ಲರೂ ಕರೆಯುವ ಶಿಯೆ ಲಿಂಗ್‌ಯುನ್‌ನಿಂದಲೇ (385–433) ಶುರುಮಾಡಬಹುದು. ದೊಡ್ಡ ಜಮೀನ್ದಾರ ಮನೆತನದವನು. ಬೆಟ್ಟ ಹತ್ತುವುದೆಂದರೆ ಹುಚ್ಚು. ಹತ್ತುವಾಗ ಒಂದು ಕಡೆಯ, ಇಳಿಯುವಾಗ ಇನ್ನೊಂದು ಕಡೆಯ ಹಲ್ಲು ಕಳಚಬಹುದಾದ ಮರದ ಪಾದುಕೆಯನ್ನು ಅವನೇ ಕಂಡುಹಿಡಿದನಂತೆ. ಒಮ್ಮೆ ಹೀಗೆ ಪ್ರಕೃತಿ ದರ್ಶನಕ್ಕೆ ಹೊರಟವನು ನೂರಾರು ಆಳುಗಳ ಕೈಯಲ್ಲಿ ಮರ ಕಡಿಸಿ, ತನ್ನೂರಿನ ಬೆಟ್ಟದಿಂದ ಲಿನ್‌ಹಾಯ್ ಪ್ರಾಂತ್ಯದವರೆಗೆ ನೇರ ದಾರಿ ಮಾಡಿಸಿಕೊಂಡು ಹೋದ. ಅಲ್ಲಿಯ ಅಧಿಕಾರಿ, ಇವರು ಬೆಟ್ಟದ ದರೋಡೆಕೋರರು ಎಂದುಕೊಂಡು ಗಾಬರಿಬಿದ್ದ ಎಂದು ಆ ಕಾಲದ ರಾಜವಂಶದ ಚರಿತ್ರೆಯೇ ಹೇಳುತ್ತದೆ. ಅದೇ ಶಿಯೆ ಒಂದು ಕೆರೆಯ ನೀರು ಬಸಿದು ಗದ್ದೆ ಮಾಡಿಕೊಳ್ಳಲು ಅನುಮತಿ ಕೇಳಿದ್ದ. ಕೆರೆಯ ಮೀನು, ಸೊಪ್ಪು ನಂಬಿದ ಜನರಿದ್ದಾರೆಂದು ಸ್ಥಳೀಯ ಅಧಿಕಾರಿ ಒಪ್ಪಲಿಲ್ಲ. ಇಬ್ಬರಿಗೂ ಹಗೆ ಬೆಳೆಯಿತು. ಹಾಗೆಂದು ಅವನ ಕಾವ್ಯ ಸುಳ್ಳೇ? ಖಂಡಿತ ಇಲ್ಲ. ಆದರೆ ಕಾವ್ಯ ಓದಿ, ಅದನ್ನು ಬರೆದವನು ಮರದ ಜೊತೆ ಮರವಾಗಿ ಬಾಳಿದ ಎಂದುಕೊಂಡರೆ ಕಡಿದ ಮರಗಳಿಗೆ ಯಾರು ಜವಾಬು ಹೇಳುವುದು?

ನಿಜವಾಗಿ ಕುರ್ಚಿ ಬಿಟ್ಟವನೊಬ್ಬನಿದ್ದ, ತಾವೊ ಯುವಾನ್‌ಮಿಂಗ್. 405ರಲ್ಲಿ, ಅಧಿಕಾರಕ್ಕೆ ಬಂದ ಮೂರು ತಿಂಗಳೊಳಗೆ, ಹೊಲಕ್ಕೆ ಹಿಂತಿರುಗಿದ. ಅವನನ್ನು ಮುಂದಿನ ಸಾವಿರ ವರ್ಷ ಚಿತ್ರಕಾರರು ಸೇವಂತಿಗೆ ಹಿಡಿಸಿ, ಪೈನ್ ಮರಕ್ಕೆ ಒರಗಿಸಿ ಬರೆದದ್ದೇ ಬರೆದದ್ದು. ಆದರೆ ಹೊಲಕ್ಕೆ ಹೋದ ಅವನಿಗೆ ಸಿಕ್ಕಿದ್ದೇನು? 408ರಲ್ಲಿ ಮನೆ ಸುಟ್ಟುಹೋಯಿತು. ಬೆಳೆ ಕೈಕೊಟ್ಟಿತು. ಊಟ ಬೇಡಲು ಹೋದದ್ದರ ಮೇಲೇ ಅವನದೊಂದು ಕವನವಿದೆ. ಹೊಲ ಉಳುವವರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಚಿತ್ರ ಕೊಳ್ಳುವವರಿಗೆ ಮಾತ್ರ ಸೇವಂತಿಗೆ ಸಾಕಾಯಿತು.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ನಮ್ಮಲ್ಲಿ ಹೇಳುವುದು ಮೋಸಹೋದವರನ್ನು ಹಂಗಿಸಲು. ಚೀನಾದ ಚಿತ್ರಕಾರರು ಆ ದೂರವನ್ನೇ ಶಾಸ್ತ್ರ ಮಾಡಿದರು. ಗುವೊ ಶಿ ಮೂರು ಬಗೆಯ ದೂರಗಳನ್ನು ಹೆಸರಿಸುತ್ತಾನೆ: ಬುಡದಿಂದ ತುದಿ ನೋಡುವ ಎತ್ತರದ ದೂರ, ಮುಂದಿನಿಂದ ಹಿಂದಕ್ಕೆ ಇಣುಕುವ ಆಳದ ದೂರ, ಹತ್ತಿರದ ಬೆಟ್ಟದಿಂದ ಆಚೆಗೆ ದಿಟ್ಟಿ ಹಾಯಿಸುವ ಸಮತಲದ ದೂರ. ಅವರಿಗೆ ದೂರದ ಅರಿವು ಚೆನ್ನಾಗಿತ್ತು. ಅವರಿಗೂ ಮುಂಚೆ, 5ನೇ ಶತಮಾನದಲ್ಲಿ, ಜೊಂಗ್ ಬಿಂಗ್ ಎಂಬ ಸಜ್ಜನ ಬೆಟ್ಟಗಳನ್ನು ನಿಜಕ್ಕೂ ಸುತ್ತಿದ್ದ, ಕರೆದರೂ ಅಧಿಕಾರಕ್ಕೆ ಹೋಗಲಿಲ್ಲ. ಮುಪ್ಪು, ಕಾಯಿಲೆ ಬಂದು ಕಾಲು ಸೋತ ಮೇಲೆ ತಾನು ನೋಡಿದ ಬೆಟ್ಟಗಳನ್ನು ಕೋಣೆಯ ಗೋಡೆಗೆ ಬರೆದುಕೊಂಡು, ಮಲಗಿಯೇ ಅಲ್ಲಿಗೆಲ್ಲ ಹೋಗಿಬರುತ್ತೇನೆ ಎಂದ. ಇಡೀ ಪರಂಪರೆಯಲ್ಲಿ ನನಗೆ ಬಹಳ ಪ್ರಿಯವಾದ ದೃಶ್ಯ ಇದು. ಇದರಲ್ಲಿರುವುದು ಬೆಟ್ಟದ ಇರುವಿಕೆಯಲ್ಲ, ಬೆಟ್ಟದ ಕೊರತೆ. ಚಿತ್ರ ಶುರುವಾಗುವುದು ಕಾಲು ನಿಂತ ಕಡೆಯಿಂದ.

ಇನ್ನು 14ನೇ ಶತಮಾನಕ್ಕೆ ಬರೋಣ. ಮಂಗೋಲರ ಯುವಾನ್ ಆಳ್ವಿಕೆ ಕುಸಿಯುತ್ತಿದ್ದ ಕಾಲದ ಚಿತ್ರಕಾರರು 'ವಿದ್ವಾಂಸನ ಏಕಾಂತ'ದ ಪರಮ ಮಾದರಿಗಳೆಂದು ಪಠ್ಯಗಳಲ್ಲಿ ಬರುತ್ತಾರೆ. ಇವರ ಏಕಾಂತ ಎಂಥದೆಂದು ಒಬ್ಬೊಬ್ಬರನ್ನಾಗಿ ನೋಡಿ.

ಹುವಾಂಗ್ ಗೊಂಗ್‌ವಾಂಗ್ (1269–1354) ಸರ್ಕಾರಿ ಗುಮಾಸ್ತ. ಮೇಲಧಿಕಾರಿಯ ಭ್ರಷ್ಟಾಚಾರದ ಪ್ರಕರಣದಲ್ಲಿ ತಾನೂ ಸಿಕ್ಕಿ ಜೈಲಿಗೆ ಹೋದ. ಹೊರಬಂದ ಮೇಲೆ ನೌಕರಿ ಮುಗಿದಿತ್ತು. ದಾವೊ ಪಂಥ ಸೇರಿದ, ಜ್ಯೋತಿಷ್ಯ ಹೇಳಿ ಹೊಟ್ಟೆ ಹೊರೆದ. ಎಂಬತ್ತರ ಹೊತ್ತಿಗೆ ಬರೆದ 'ಫುಚುನ್ ಬೆಟ್ಟಗಳಲ್ಲಿ ವಾಸ' ಜಗತ್ತಿನ ಅತಿ ದೊಡ್ಡ ಚಿತ್ರಗಳಲ್ಲೊಂದು. ಅದರ ಕೊನೆಯಲ್ಲಿ ಅವನೇ 1350ರಲ್ಲಿ ಬರೆದ ಟಿಪ್ಪಣಿ ಓದಬೇಕು. ಮೂರ್ನಾಲ್ಕು ವರ್ಷವಾದರೂ ಚಿತ್ರ ಮುಗಿದಿಲ್ಲ. ಆದರೆ ಯಾರಾದರೂ ಉಪಾಯದಿಂದ ಹೊಡೆದುಕೊಂಡು ಹೋದಾರೆಂದು ಗೆಳೆಯ ವೂಯೊಂಗ್‌ಗೆ ಆತಂಕ, ಅದಕ್ಕೇ ಮುಗಿಯುವ ಮುಂಚೆಯೇ ಇದು ಅವನದೆಂದು ಬರೆದುಕೊಡುತ್ತಿದ್ದೇನೆ ಎನ್ನುತ್ತಾನೆ. ಬೆಟ್ಟ ಇನ್ನೂ ಒಣಗಿಲ್ಲ, ಆಗಲೇ ಅದಕ್ಕೆ ಹಕ್ಕುಪತ್ರ. 1650ರಲ್ಲಿ ಅದರ ಒಡೆಯ ವೂ ಹೊಂಗ್ಯು ಸಾಯುವಾಗ ಚಿತ್ರವನ್ನೂ ಜೊತೆಗೊಯ್ಯಬೇಕೆಂದು ಬೆಂಕಿಗೆ ಹಾಕಿಸಿದ. ಅವನ ಬಂಧುವೊಬ್ಬ ಎಳೆದು ತೆಗೆದ. ಅಷ್ಟರಲ್ಲಿ ಎರಡು ತುಂಡಾಗಿತ್ತು. ಒಂದು ತುಂಡು ಈಗ ಹಾಂಗ್‌ಜೌನಲ್ಲಿ, ಇನ್ನೊಂದು ತೈಪೆಯಲ್ಲಿ; ಎರಡೂ ಒಟ್ಟಿಗೆ ಪ್ರದರ್ಶನಗೊಳ್ಳಲು 2011 ಬರಬೇಕಾಯಿತು.

ನಿ ಜಾನ್ (1301–1374) ತಾಯ್ ಸರೋವರದ ಹತ್ತಿರದ ಸಿರಿವಂತ ಜಮೀನ್ದಾರ. ತೆರಿಗೆ ಹಾಗೂ ದಂಗೆಗಳ ಕಾಟಕ್ಕೆ ಆಸ್ತಿ ಕಳೆದುಕೊಂಡು ದೋಣಿಯ ಮೇಲೆ ಅಲೆದ. ಅವನ ಚಿತ್ರಗಳಲ್ಲಿ ಮನುಷ್ಯರೇ ಇಲ್ಲ. ನಾಲ್ಕಾರು ಬಡಕಲು ಮರ, ಖಾಲಿ ಮಂಟಪ, ನಡುವೆ ಬರಿಯ ನೀರು. ಇದನ್ನು ಶಾಂತಿ ಎಂದು ಓದುವವರಿಗೆ ಕೈಮುಗಿಯಬೇಕು. ನನಗೆ ಅದು ಊರು ಖಾಲಿಯಾದ ಮೇಲಿನ ನಿಶ್ಶಬ್ದ. ಇದೇ ನಿ ಜಾನ್‌ಗೆ ಮಡಿ ವಿಪರೀತ. ಅಂಗಳದ ಮರಗಳನ್ನು ಆಳುಗಳಿಂದ ದಿನವೂ ತೊಳೆಸುತ್ತಿದ್ದ ಎಂಬ ಕಥೆ ಚೀನಾದಲ್ಲಿ ಎಲ್ಲರಿಗೂ ಗೊತ್ತು. ಪ್ರಕೃತಿಯೊಡನೆ ಒಂದಾಗುವ ಮುಂಚೆ ಅದಕ್ಕೆ ಸ್ನಾನ ಮಾಡಿಸಬೇಕಿತ್ತು, ಪಾಪ.

ವಾಂಗ್ ಮೆಂಗ್‌ನ 'ಚಿಂಗ್‌ಬಿಯಾನ್ ಬೆಟ್ಟ' 1366ರದು. ಬೆಟ್ಟ ಒಳಗಿನಿಂದ ಕುದಿಯುತ್ತಿರುವ ಹಾಗೆ ತಿರುಚಿಕೊಂಡಿದೆ. ಆ ವರ್ಷ ಆ ಸೀಮೆಯಲ್ಲಿ ಝು ಯುವಾನ್‌ಝಾಂಗ್ ಮತ್ತು ಝಾಂಗ್ ಶಿಚೆಂಗ್ ಸೇನೆಗಳ ಯುದ್ಧ ನಡೆಯುತ್ತಿತ್ತು. ಗೆದ್ದ ಝು, ಮಿಂಗ್ ವಂಶ ಕಟ್ಟಿದ. ವಾಂಗ್ ಮೆಂಗ್ ಅವನ ಕೈಕೆಳಗೆ ಅಧಿಕಾರಿಯಾದ. ಒಮ್ಮೆ ಪ್ರಧಾನಮಂತ್ರಿ ಹೂ ವೈಯೊಂಗ್‌ನ ಮನೆಗೆ ಚಿತ್ರಗಳನ್ನು ನೋಡಲು ಹೋಗಿದ್ದ, ಅಷ್ಟೇ. ಹೂ 1380ರಲ್ಲಿ ರಾಜದ್ರೋಹಿಯೆಂದು ಕೊಲ್ಲಲ್ಪಟ್ಟ ಮೇಲೆ ಅವನ ಮನೆಗೆ ಕಾಲಿಟ್ಟವರನ್ನೆಲ್ಲ ಹಿಡಿದು ತಂದರು. ವಾಂಗ್ ಮೆಂಗ್ 1385ರಲ್ಲಿ ಜೈಲಿನಲ್ಲಿ ಸತ್ತ.

ಈ ಮೂವರ ಚಿತ್ರ ತೋರಿಸಿ 'ನಿಸರ್ಗದ ಮಡಿಲಲ್ಲಿ ನೆಮ್ಮದಿ' ಎನ್ನುವುದು ಬರಿಯ ತಪ್ಪು ಓದಲ್ಲ, ಸತ್ತವರ ಮೇಲೆ ಹೊರಿಸಿದ ಸುಳ್ಳು.

ಹಾಗಾದರೆ ಈ ಸುಳ್ಳು ಎಲ್ಲಿಂದ ಬಂತು? ಸ್ವಲ್ಪ ಭಾಗ ಚೀನಾದೊಳಗಿನದೇ. ಮಿಂಗ್ ಕಾಲದ ಕೊನೆಯಲ್ಲಿದ್ದ ದೊಂಗ್ ಚಿಚಾಂಗ್ (1555–1636) ಚಿತ್ರಕಾರರನ್ನು ಉತ್ತರ, ದಕ್ಷಿಣ ಎಂದು ಎರಡು ಪಂಥವಾಗಿ ಒಡೆದ. ಹೊಟ್ಟೆಪಾಡಿಗೆ ಬರೆಯುವ ಕಸುಬುದಾರರು ಒಂದು ಕಡೆ, ಮನಸ್ಸಿನ ಖುಷಿಗೆ ಬರೆಯುವ ನಿರ್ಮಲ ವಿದ್ವಾಂಸರು ಇನ್ನೊಂದು ಕಡೆ, ಎರಡನೆಯವರೇ ಶ್ರೇಷ್ಠರು. ಇವತ್ತಿಗೂ ಪಠ್ಯಪುಸ್ತಕಗಳು ಅವನ ನೆರಳಿನಲ್ಲಿವೆ. ಈ ನಿರ್ಮಲತೆಯ ವಕೀಲ ದೊಡ್ಡ ಅಧಿಕಾರಿ, ದೊಡ್ಡ ಭೂಮಾಲೀಕ. 1616ರಲ್ಲಿ ಅವನ ಕುಟುಂಬದ ದಬ್ಬಾಳಿಕೆ ತಾಳಲಾರದೆ ಊರ ಜನ ದಂಗೆಯೆದ್ದು ಅವನ ಮನೆಗೆ ಬೆಂಕಿ ಹಚ್ಚಿದರು. ಖುಷಿಗೆ ಬರೆಯುತ್ತಿದ್ದರೆನ್ನುವ ಈ ವಿದ್ವಾಂಸರು ಉಡುಗೊರೆ, ಋಣಸಂದಾಯ, ರೊಕ್ಕ, ಶಿಫಾರಸು ಎಲ್ಲಕ್ಕೂ ಚಿತ್ರ ಬರೆದುಕೊಟ್ಟಿದ್ದನ್ನು ಜೇಮ್ಸ್ ಕಾಹಿಲ್ 1994ರ ತನ್ನ ಪುಸ್ತಕದಲ್ಲಿ ಪತ್ರ, ಲೆಕ್ಕಗಳ ಸಮೇತ ಬಿಚ್ಚಿಟ್ಟಿದ್ದಾನೆ.

ಉಳಿದ ಭಾಗ ನಮ್ಮ ಕಡೆಯದು. 1903ರಲ್ಲಿ ಜಪಾನಿನ ಒಕಾಕುರಾ, ಕಲ್ಕತ್ತೆಯ ಟಾಗೋರರ ಬಳಗದೊಡನೆ ಒಡನಾಡಿ ಬಂದ ಹೊಸತರಲ್ಲೇ, 'ಪೂರ್ವದ ಆದರ್ಶಗಳು' ಪ್ರಕಟಿಸಿ ಏಷ್ಯಾ ಒಂದು ಎಂದು ಸಾರಿದ. 1924ರಲ್ಲಿ ಟಾಗೋರರು ಚೀನಾಕ್ಕೆ ಹೋಗಿಬಂದರು, 1937ರಲ್ಲಿ ಶಾಂತಿನಿಕೇತನದಲ್ಲಿ ಚೀನಾ ಭವನ ತೆರೆಯಿತು. ವಸಾಹತುಶಾಹಿಯ ಎದುರು ನಿಲ್ಲಲು ಆಗ 'ಪೂರ್ವ'ದ ಒಂದು ಮುಖ ಬೇಕಿತ್ತು, ಅದರ ಅಗತ್ಯ ಅರ್ಥವಾಗುತ್ತದೆ. ತಮಾಷೆಯೆಂದರೆ ಅದೇ ಶಾಂತಿನಿಕೇತನಕ್ಕೆ ಅತಿಥಿಯಾಗಿ ಬಂದ ಚೀನೀ ಚಿತ್ರಕಾರ ಶು ಬೈಹೊಂಗ್ 1940ರಲ್ಲಿ ಭಾರತದಲ್ಲಿದ್ದುಕೊಂಡೇ ಬರೆದ ದೊಡ್ಡ ಚಿತ್ರದಲ್ಲಿ ಮೈಗಟ್ಟಿದ ಗಂಡಸರು ಗುದ್ದಲಿ ಎತ್ತಿ ಬೆಟ್ಟವನ್ನು ಅಗೆದು ಹಾಕುತ್ತಿದ್ದಾರೆ. ಬೆಟ್ಟ ಸರಿಸಿದ ಮುದುಕನ ಹಳೆಯ ನೀತಿಕಥೆ ಅದು. ಅದೂ ಚೀನಾದ್ದೇ, ಅದೂ ಪೂರ್ವದ್ದೇ. ಅದನ್ನು ಯಾರೂ ಸಂಕಿರಣದಲ್ಲಿ ತೋರಿಸುವುದಿಲ್ಲ.

ಇಷ್ಟೆಲ್ಲ ಜಗಳ ಯಾಕೆ, ಚಿತ್ರ ನೋಡಿ ಸುಮ್ಮನಿದ್ದರಾಗದೆ ಎಂದು ಕೇಳುವವರಿಗೆ ಒಂದು ವಿಷಯ ಹೇಳಬೇಕು, ನನ್ನ ತಕರಾರಿನ ಬೇರು ಅಲ್ಲಿದೆ. ಈ ಚಿತ್ರಗಳ ಮಸಿ ಏನೆಂದು ಗೊತ್ತೇ? ಪೈನ್ ಮರವನ್ನು ಗೂಡಿನಲ್ಲಿ ಹೊಗೆಯಾಡಿಸಿ ಸುಟ್ಟು, ಆ ಕಾಡಿಗೆಗೆ ಪ್ರಾಣಿಯ ಅಂಟು ಕಲಸಿ ಮಾಡಿದ ಗಟ್ಟಿ. ಪೈನ್ ಬರೆಯಲು ಪೈನ್ ಸುಡಬೇಕು. ಗುವೊ ಶಿಯ ಸಮಕಾಲೀನ ಶೆನ್ ಕುವೊ (1031–1095), ಅಧಿಕಾರಿ, ಗಣಿತಜ್ಞ, ಎಲ್ಲವನ್ನೂ ಕುತೂಹಲದಿಂದ ನೋಡಿದವನು, ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆಯುತ್ತಾನೆ: ಚಿ ಮತ್ತು ಲು ಸೀಮೆಗಳ ಪೈನ್ ಕಾಡು ಮುಗಿದೇಹೋಯಿತು, ಕೊಡಲಿ ತಾಯ್‌ಹಾಂಗ್ ಕಡೆಗೆ ಸಾಗುತ್ತಿದೆ, ಯಾಂಗ್‌ಸಿ ನದಿಯ ತೆಂಕಣದಲ್ಲೂ ಪೈನ್ ಬೆಟ್ಟಗಳು ಅರ್ಧಕ್ಕೂ ಮಿಕ್ಕಿ ಬೋಳು. ಹಾಗಾಗಿ ಅವನು ನೆಲದಿಂದ ಜಿನುಗುವ ಎಣ್ಣೆಯನ್ನು ಉರಿಸಿ ಅದರ ಕಾಡಿಗೆಯಿಂದ ಮಸಿ ಮಾಡಿ ನೋಡಿದ. ಅದಕ್ಕೆ ಅವನು ಬಳಸಿದ ಶಿಯೌ, ಕಲ್ಲೆಣ್ಣೆ, ಎಂಬ ಪದವನ್ನೇ ಚೀನೀಯರು ಇಂದಿಗೂ ಪೆಟ್ರೋಲಿಯಮ್ಮಿಗೆ ಬಳಸುತ್ತಾರೆ. ನೆಲದ ಎಣ್ಣೆಗೆ ಕೊನೆಯಿಲ್ಲ, ಮರಕ್ಕಾದರೆ ಕೊನೆಯಿದೆ ಎಂಬುದು ಅವನ ಲೆಕ್ಕ.

ಬೆಟ್ಟ-ನೀರಿನ ಚಿತ್ರ ತನ್ನ ಶಿಖರ ಮುಟ್ಟಿದ ಶತಮಾನದಲ್ಲೇ ಬೆಟ್ಟಗಳು ಬೋಳಾಗುತ್ತಿದ್ದವು. ಮಸಿಯೊಂದೇ ಕಾರಣವಲ್ಲ; ಕಬ್ಬಿಣದ ಕುಲುಮೆ, ಮನೆ ಕಟ್ಟುವ ಮರ, ಒಲೆಯ ಸೌದೆ, ಹೊಸ ಹೊಲ ಎಲ್ಲ ಸೇರಿದ್ದವು. ಮಾರ್ಕ್ ಎಲ್ವಿನ್ 2004ರಲ್ಲಿ ಬರೆದ ಚೀನಾದ ಪರಿಸರ ಚರಿತ್ರೆಯ ಹೆಸರೇ 'ಆನೆಗಳ ಹಿಮ್ಮೆಟ್ಟುವಿಕೆ': ಒಂದು ಕಾಲಕ್ಕೆ ದೇಶದ ಬಹುಭಾಗದಲ್ಲಿದ್ದ ಆನೆಗಳು ಕಾಡು ಕಡಿದಂತೆಲ್ಲ ಹಿಂದೆ ಸರಿದು, ಈಗ ಬರ್ಮಾ ಗಡಿಯ ಮೂಲೆಯಲ್ಲಿ ಉಳಿದಿವೆ. ಪ್ರಕೃತಿಯನ್ನು ಅಷ್ಟು ಸೊಗಸಾಗಿ ಹಾಡಿದ, ಬರೆದ ಸಮಾಜವೇ ಅದನ್ನು ಅಷ್ಟೇ ನಿಷ್ಠುರವಾಗಿ ತಿಂದಿತು ಎಂಬ ಒಗಟು ಅವನನ್ನು ಕಾಡುತ್ತದೆ. ನಮ್ಮ ಪ್ರಬಂಧಕಾರರನ್ನು ಮಾತ್ರ ಅದು ಕಾಡುವುದಿಲ್ಲ.

ಪ್ರೀತಿಯೇ ಹೇಗೆ ತಿನ್ನಬಲ್ಲದು ಎಂಬುದಕ್ಕೆ ದೊರೆ ಹುಯಿಜೊಂಗ್‌ನನ್ನು ನೋಡಿದರೆ ಸಾಕು. ಸ್ವತಃ ಒಳ್ಳೆಯ ಚಿತ್ರಕಾರ. 1117ರಲ್ಲಿ ಕೈಫೆಂಗ್ ಒಳಗೇ ಗೆನ್ಯುಯೆ ಎಂಬ ಕೃತಕ ಬೆಟ್ಟ ಕಟ್ಟಿಸಲು ಹಿಡಿದ. ಅದಕ್ಕೆ ತಾಯ್ ಸರೋವರದ ವಿಚಿತ್ರ ಕಲ್ಲುಗಳು ಬೇಕು, ದಕ್ಷಿಣದ ಅಪರೂಪದ ಗಿಡಗಳು ಬೇಕು. ಅವನ್ನು ಜನರ ಮನೆಯಂಗಳದಿಂದ ಕಿತ್ತು, ಕಾಲುವೆಗಳಲ್ಲಿ ದೋಣಿ ತುಂಬಿಸಿ ಸಾಗಿಸಿದರು. ಅಡ್ಡ ಬಂದ ಸೇತುವೆಗಳನ್ನು ಒಡೆದರು. ಆ ಸುಲಿಗೆಗೆ ಸಿಟ್ಟಾದ ಜನ 1120ರಲ್ಲಿ ಫಾಂಗ್ ಲಾ ಎಂಬವನ ಹಿಂದೆ ದಂಗೆಯೆದ್ದರು. ಬೆಟ್ಟ ಮುಗಿದ ಕೆಲವೇ ವರ್ಷಕ್ಕೆ ಜುರ್ಚೆನ್ ಸೇನೆ ಊರನ್ನು ಮುತ್ತಿತು. ಆ ಚಳಿಗಾಲ ಊರವರು ಗೆನ್ಯುಯೆಗೆ ನುಗ್ಗಿ ಮರ ಕಡಿದು ಒಲೆಗಿಟ್ಟರು, ಜಿಂಕೆಗಳನ್ನು ಬೇಯಿಸಿ ತಿಂದರು.

ಈ ಚಿತ್ರಗಳನ್ನು ನೋಡಬೇಡಿ ಎಂದು ನಾನು ಹೇಳುತ್ತಿಲ್ಲ. ಕಡ್ಡಿಯಷ್ಟು ಮನುಷ್ಯನ ಹಿಂದೆ ನೋಡಿ: ಸೇತುವೆ ದಾಟುತ್ತಿರುವ ಪಂಡಿತನ ಬೆನ್ನಿಗೆ ಅವನ ಚಿನ್ ವಾದ್ಯವನ್ನು ಬಟ್ಟೆಯಲ್ಲಿ ಸುತ್ತಿ ಹೊತ್ತ ಒಬ್ಬ ಹುಡುಗ ಇದ್ದೇ ಇರುತ್ತಾನೆ. ಗುಡಿಸಲಿನ ಅನ್ನ ಬೇಯಿಸುವವನೂ ಅವನೇ. ದೋಣಿಯಲ್ಲಿರುವ ಬೆಸ್ತ, ಸೌದೆ ಹೊತ್ತ ಹಳ್ಳಿಗ ಪಂಡಿತರ ಕಣ್ಣಿಗೆ ಸ್ವಾತಂತ್ರ್ಯದ ಸಂಕೇತ; ಮೀನಿಗೂ ಸೌದೆಗೂ ದರವಿದೆ ಎಂಬುದು ಬೆಸ್ತನಿಗೆ ಗೊತ್ತು.

ಅಥವಾ ಫಾನ್ ಕುವಾನ್‌ನನ್ನು ನೋಡಿ. 11ನೇ ಶತಮಾನದ ಆರಂಭದವನು, ನಿಜಕ್ಕೂ ಶಾನ್ಶಿಯ ಬೆಟ್ಟಗಳಲ್ಲೇ ವಾಸವಾಗಿದ್ದನೆಂದು ಹಳೆಯ ದಾಖಲೆಗಳು ಹೇಳುವ ಅಪರೂಪದ ಚಿತ್ರಕಾರ. ಅವನ ಎರಡು ಮೀಟರಿಗೂ ಎತ್ತರದ ಒಂದು ಚಿತ್ರ ತೈಪೆಯಲ್ಲಿದೆ. ಮುಕ್ಕಾಲು ಪಾಲನ್ನು ಒಂದೇ ಬೆಟ್ಟ ತುಂಬಿಕೊಂಡಿದೆ, ಪ್ರಬಂಧಕಾರರಿಗೆ ಬೇಕಾದ ಹಾಗೆಯೇ. ಆದರೆ ಆ ಚಿತ್ರವನ್ನು ನಾವು ಕರೆಯುವ ಹೆಸರು ಬೆಟ್ಟದ್ದಲ್ಲ, 'ತೊರೆ-ಬೆಟ್ಟಗಳ ನಡುವಿನ ಪಯಣಿಗರು'. ಕೆಳಗಡೆ, ಬಲಮೂಲೆಯಿಂದ, ಹೊರೆ ಹೊತ್ತ ಹೇಸರಗತ್ತೆಗಳ ಸಾಲೊಂದು ಬರುತ್ತಿದೆ. ಮುಂದೊಬ್ಬ, ಹಿಂದೊಬ್ಬ, ಇಬ್ಬರೂ ಬೆಟ್ಟದ ಕಡೆ ತಲೆಯೆತ್ತಿಯೂ ನೋಡದೆ ನಡೆಯುತ್ತಿದ್ದಾರೆ. ಬರೆದವನ ಸಹಿ ಎಲ್ಲಿದೆಯೆಂದು ಶತಮಾನಗಳ ಕಾಲ ಯಾರಿಗೂ ಕಂಡಿರಲಿಲ್ಲ. 1958ರಲ್ಲಿ ವಸ್ತುಸಂಗ್ರಹಾಲಯದ ಲಿ ಲಿನ್‌ಚಾನ್ ಅದನ್ನು ಕಂಡುಹಿಡಿದರು. ಶಿಖರದ ಮೇಲಲ್ಲ, ಮಂಜಿನಲ್ಲಲ್ಲ, ಆ ಕೊನೆಯ ಆಳು ಆಗಷ್ಟೇ ದಾಟಿಬಂದ ಮರದ ಎಲೆಗಳ ನಡುವೆ ಇತ್ತು.